ಕೈಗೆಟುಕುವ ತೋಟ: ಹಿರಿಯರಿಗೂ ವಲಸೆ ಬಂದವರಿಗೂ ಒಗ್ಗುವ ಸಮುದಾಯ ತೋಟವನ್ನು ಕಟ್ಟುವ ಬಗೆ

ನೆರೆಹೊರೆಯವರು ಒಂದೇ ಜಾಗವನ್ನು ಹಂಚಿಕೊಂಡು ಬೆಳೆ ಬೆಳೆಯುವ ಸಮುದಾಯ ತೋಟದ ನಕ್ಷೆ ಬರೆಯುವ ಮೊದಲು ಒಂದು ಕುರ್ಚಿ, ಒಂದು ಮೇಜು, ಒಂದು ಅಳತೆ ಟೇಪು, ಒಂದು ಸೀಮೆಸುಣ್ಣದ ತುಂಡು ಸಿದ್ಧಮಾಡಿಕೊಂಡು, ಆ ತೋಟಕ್ಕೆ ಬರಲಿರುವ ಐದಾರು ಹಿರಿಯರನ್ನು ಒಂದೆಡೆ ಸೇರಿಸಿ. ಅವರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ, ಸೊಂಟ ಬಗ್ಗಿಸದೆ, ಭುಜಕ್ಕೆ ನೋವಾಗದಂತೆ ಮೇಜಿನ ಮೇಲೆ ಕೈಯನ್ನು ಎಲ್ಲಿಯವರೆಗೆ ಚಾಚಬಲ್ಲರೋ ಅಲ್ಲೊಂದು ಗೆರೆ ಎಳೆಯಿರಿ. ಒಬ್ಬರ ಗೆರೆ ಮೇಜಿನ ಅಂಚಿನಿಂದ 60 ಸೆಂಟಿಮೀಟರ್ ದೂರಕ್ಕೆ ಹೋದರೆ ಮತ್ತೊಬ್ಬರದು 45ರಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಹಾಗೆಯೇ ಕೈಚಾಚಿ ಕೆಲಸಮಾಡುವಂತೆ ಕೇಳಿಕೊಂಡರೆ ಎಲ್ಲರ ಗೆರೆಗಳೂ ಇನ್ನಷ್ಟು ಹಿಂದಕ್ಕೆ ಸರಿಯುತ್ತವೆ. ಹಾಗೆ ಹಿಂದಕ್ಕೆ ಸರಿದ ಗೆರೆಯನ್ನೇ ನಿಮ್ಮ ತೋಟದ ಅಳತೆಯೆಂದು ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟು ಮೊದಲೇ ಮಡಿಗಳನ್ನು ಕಟ್ಟಿಸಿದ ತೋಟಗಳಲ್ಲಿ ಮಡಿಯ ನಡುಭಾಗ ಯಾರ ಕೈಗೂ ಸಿಗದೆ ಕಳೆ ತುಂಬಿ ನಿಲ್ಲುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ದೇಹಕ್ಕೆ ಎಟುಕುವುದು ಒಂದು ಬಗೆಯಾದರೆ ಮಾತಿಗೆ ಎಟುಕುವುದು ಇನ್ನೊಂದು ಬಗೆ. ಬೇರೆ ದೇಶದಿಂದ ಬಂದು ನೆಲೆಸಿದ ಹಿರಿಯರೊಬ್ಬರಿಗೆ ಮಡಿಯ ಎತ್ತರ ಸರಿಹೊಂದಿದರೂ, ಗೇಟಿನ ಮೇಲಿನ ಸೂಚನೆ ಓದಲಾಗದಿದ್ದರೆ, ಸಭೆಯ ಮಾತು ತಿಳಿಯದಿದ್ದರೆ, ತಾವು ಬಲ್ಲ ಬೆಳೆಗೆ ಅಲ್ಲಿ ಜಾಗವಿಲ್ಲದಿದ್ದರೆ ಆ ತೋಟ ಅವರಿಗೆ ದೂರವೇ ಉಳಿಯುತ್ತದೆ. ಈ ಎರಡೂ ತೊಡಕುಗಳನ್ನು ಒಟ್ಟಿಗೇ ಬಿಡಿಸುವ ಬಗೆಯನ್ನು ಕೆಲಸ ನಡೆಯಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಕೇಳಬೇಕಾದ ಮಾತುಗಳು

ಜರ್ಮನಿಯ ಗೋಟಿಂಗೆನ್ ನಗರದಲ್ಲಿ 1990ರ ದಶಕದ ನಡುಭಾಗದಲ್ಲಿ, ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದ ಮಹಿಳೆಯರು ತಮಗೆ ಅತ್ಯಂತ ಕೊರತೆಯಾಗಿ ಕಾಣುವುದು ಹಿಂದೆ ಬಿಟ್ಟುಬಂದ ತಮ್ಮ ತೋಟಗಳೆಂದು ಹೇಳಿಕೊಂಡರು. ಆ ಮಾತಿನಿಂದ ಅಲ್ಲಿ ಬೇರೆಬೇರೆ ದೇಶದವರು ಒಟ್ಟಿಗೆ ಬೆಳೆಯುವ ಅಂತರರಾಷ್ಟ್ರೀಯ ತೋಟಗಳು ಹುಟ್ಟಿಕೊಂಡವು, ಮುಂದೆ ಆ ಮಾದರಿ ಜರ್ಮನಿಯ ಬೇರೆ ನಗರಗಳಿಗೂ ಹರಡಿತು. ಅಲ್ಲಿ ತೋಟ ಬೇಕೆಂದು ತೀರ್ಮಾನಿಸಿದವರು ತೋಟ ಮಾಡುವವರೇ ಆಗಿದ್ದರೆಂಬುದನ್ನು ನಾವು ಗಮನಿಸಬೇಕು. ಆದ್ದರಿಂದ ಜಾಗ ಹುಡುಕುವುದಕ್ಕೂ ಮುಂಚೆ ಹತ್ತಿಪ್ಪತ್ತು ಮನೆಗಳಿಗೆ ಹೋಗಿ, ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ಸಾವಧಾನವಾಗಿ ಕೇಳಿ: ಈ ಮೊದಲು ಏನನ್ನು ಬೆಳೆಯುತ್ತಿದ್ದಿರಿ, ಇಲ್ಲಿ ಏನು ಸಿಗುತ್ತಿಲ್ಲ, ದಿನದ ಯಾವ ಹೊತ್ತು ನಿಮಗೆ ಬಿಡುವು, ಎಷ್ಟು ದೂರ ನಡೆಯಬಲ್ಲಿರಿ, ಯಾರಾದರೂ ಜೊತೆಯಲ್ಲಿ ಬರಬೇಕೆ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರಗಳು ಯೋಜನೆಯನ್ನೇ ಬದಲಿಸುವುದುಂಟು. ವಲಸೆ ಬಂದ ಕುಟುಂಬಗಳಲ್ಲಿ ಅನೇಕ ಅಜ್ಜಅಜ್ಜಿಯರು ಹಗಲಿಡೀ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುತ್ತಾರೆ. ಅಂಥವರಿಗೆ ಮಕ್ಕಳು ಸುರಕ್ಷಿತವಾಗಿ ಮಣ್ಣಿನಲ್ಲಿ ಆಡಬಹುದಾದ, ಕಣ್ಣಳತೆಯಲ್ಲೇ ಇರುವ ಒಂದು ಮೂಲೆ ಬೇಕು, ಇಲ್ಲವಾದರೆ ಅವರು ಬರುವುದೇ ಇಲ್ಲ. ಮನೆಮನೆಗೆ ಹೋಗುವಾಗ ಮಕ್ಕಳನ್ನೇ ದುಭಾಷಿಗಳನ್ನಾಗಿ ಮಾಡಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹನ್ನೆರಡು ವರ್ಷದ ಮೊಮ್ಮಗಳ ಮುಂದೆ ಯಾವ ಹಿರಿಯರೂ ತಮ್ಮ ಮಂಡಿನೋವಿನ ಬಗ್ಗೆಯೋ ಶೌಚಾಲಯದ ಅಗತ್ಯದ ಬಗ್ಗೆಯೋ ಮನಬಿಚ್ಚಿ ಮಾತನಾಡುವುದಿಲ್ಲ.

ಜಾಗದ ಆಯ್ಕೆ

ಜಾಗ ದೊಡ್ಡದಿರುವುದಕ್ಕಿಂತ ಹತ್ತಿರವಿರುವುದು ಮುಖ್ಯ. ಬಸ್ ನಿಲ್ದಾಣದಿಂದ ಗೇಟಿನವರೆಗಿನ ದಾರಿಯನ್ನು ಊರುಗೋಲು ಹಿಡಿದ ಒಬ್ಬರ ಜೊತೆ ನಡೆದು ನೋಡಿ. 400 ಮೀಟರಿಗಿಂತ ದೂರವಿದ್ದರೆ ಅಥವಾ ನಡುವೆ ಕೂರಲು ಒಂದೂ ಜಾಗವಿಲ್ಲದಿದ್ದರೆ ಬೇರೆ ಜಾಗ ಹುಡುಕುವುದು ಒಳ್ಳೆಯದು. ತೋಟದಲ್ಲೇ ಅಥವಾ ಪಕ್ಕದ ಕಟ್ಟಡದಲ್ಲಿ ಗಾಲಿಕುರ್ಚಿ ಒಳಹೋಗುವಂಥ ಶೌಚಾಲಯ ಇರಲೇಬೇಕು. ಶೌಚಾಲಯವಿಲ್ಲದ ತೋಟದಲ್ಲಿ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಬಿಸಿಲಿನಲ್ಲಿ ಅದು ಅಪಾಯಕಾರಿ. ದಿನಕ್ಕೆ ಆರು ಗಂಟೆಯಷ್ಟಾದರೂ ಬಿಸಿಲು ಬೀಳುವ, ನೀರಿನ ಸಂಪರ್ಕ ಸುಲಭವಾಗಿ ಸಿಗುವ, ಮಳೆನೀರು ನಿಲ್ಲದ ನೆಲವಾಗಿರಬೇಕು.

ಇಳಿಜಾರು ಇದ್ದಮಾತ್ರಕ್ಕೆ ಜಾಗವನ್ನು ತಳ್ಳಿಹಾಕಬೇಕಾಗಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 1975ರಲ್ಲಿ ಆರಂಭವಾದ ಡ್ಯಾನಿ ವೂ ಸಮುದಾಯ ತೋಟ ಗುಡ್ಡದ ಓರೆಯಲ್ಲಿ ಹಂತಹಂತವಾಗಿ ಕಟ್ಟಿದ್ದು, ಏಷ್ಯಾ ಮೂಲದ ವಲಸಿಗ ಹಿರಿಯರು ಅಲ್ಲಿ ಇಂದಿಗೂ ಬೆಳೆ ತೆಗೆಯುತ್ತಿದ್ದಾರೆ. ಆದರೆ ಇಳಿಜಾರನ್ನು ಗಾಲಿಕುರ್ಚಿಗೆ ಹೊಂದಿಸುವುದಕ್ಕೆ ಹೆಚ್ಚು ಉದ್ದದ ದಾರಿ ಬೇಕು, ಅಷ್ಟು ಜಾಗ ಮಡಿಗಳಿಗೆ ಕಡಿಮೆಯಾಗುತ್ತದೆ, ಖರ್ಚೂ ಏರುತ್ತದೆ. ಹೊಸದಾಗಿ ಶುರುಮಾಡುವ ತಂಡಕ್ಕೆ ಸಮತಟ್ಟಾದ ಸಣ್ಣ ಜಾಗವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಜಾಗದ ಮಾಲೀಕರು ಖಾಸಗಿಯವರಿರಲಿ, ಸ್ಥಳೀಯ ಆಡಳಿತವಿರಲಿ, ಕನಿಷ್ಠ ಐದು ವರ್ಷದ ಲಿಖಿತ ಒಪ್ಪಂದವಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಹಾಕಬೇಡಿ. ಒಮ್ಮೆ ನೆಲ ಬಿಟ್ಟುಬಂದವರನ್ನು ಎರಡನೆಯ ವರ್ಷದಲ್ಲಿ ಮತ್ತೊಮ್ಮೆ ನೆಲದಿಂದ ಎಬ್ಬಿಸುವಂತಾಗಬಾರದು. ನೀರಿನ ಬಿಲ್ಲು ಯಾರದು, ಯಾರಾದರೂ ಬಿದ್ದು ಪೆಟ್ಟಾದರೆ ಹೊಣೆ ಮತ್ತು ವಿಮೆ ಯಾರದು ಎಂಬುದೂ ಅದೇ ಕಾಗದದಲ್ಲಿರಲಿ.

ಮಣ್ಣಿನ ಪರೀಕ್ಷೆ

ನಗರದ ಖಾಲಿ ನಿವೇಶನಗಳ ಮಣ್ಣಿನಲ್ಲಿ ಸೀಸದ ಅಂಶ ಇರುವ ಸಾಧ್ಯತೆ ಹೆಚ್ಚು. ಹಳೆಯ ಕಟ್ಟಡಗಳ ಬಣ್ಣ ಉದುರಿ ಅದು ಮಣ್ಣಿಗೆ ಸೇರಿರುತ್ತದೆ, ಇಲ್ಲವೇ ದಶಕಗಳ ಕಾಲ ವಾಹನಗಳಿಗೆ ಹಾಕುತ್ತಿದ್ದ ಸೀಸಯುಕ್ತ ಪೆಟ್ರೋಲಿನ ಹೊಗೆಯಿಂದ ಬಂದಿರುತ್ತದೆ. ಜಗತ್ತಿನಲ್ಲಿ ಆ ಪೆಟ್ರೋಲಿನ ಮಾರಾಟ ಪೂರ್ತಿಯಾಗಿ ನಿಂತದ್ದು 2021ರಲ್ಲಷ್ಟೆ, ಆದರೆ ಮಣ್ಣಿಗೆ ಸೇರಿದ ಸೀಸ ತಾನಾಗಿ ಕರಗಿಹೋಗುವುದಿಲ್ಲ. ಆದ್ದರಿಂದ ನಿವೇಶನದ ಬೇರೆಬೇರೆ ಕಡೆಯಿಂದ, ಮುಖ್ಯವಾಗಿ ಹಳೆಯ ಗೋಡೆಗಳ ಬುಡದಿಂದ ಮತ್ತು ರಸ್ತೆಯ ಅಂಚಿನಿಂದ, ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ. ಫಲಿತಾಂಶ ಚೆನ್ನಾಗಿಲ್ಲದಿದ್ದರೆ ನೆಲದ ಮೇಲೆ ನೀರು ಇಳಿಯುವ ಗಟ್ಟಿ ಬಟ್ಟೆಯ ಹೊದಿಕೆ ಹಾಸಿ, ಅದರ ಮೇಲೆ ಹೊರಗಿನಿಂದ ತಂದ ಮಣ್ಣು ತುಂಬಿದ ಏರುಮಡಿಗಳನ್ನೇ, ಅಂದರೆ ನೆಲಕ್ಕಿಂತ ಎತ್ತರದ ಮಡಿಗಳನ್ನೇ, ಕಟ್ಟಬೇಕು. ಸೊಪ್ಪು ಮತ್ತು ಗೆಡ್ಡೆಗಳಲ್ಲಿ ಈ ಅಪಾಯ ಹೆಚ್ಚು, ಟೊಮೆಟೊ, ಹುರುಳಿಕಾಯಿಯಂಥ ಕಾಯಿಗಳಲ್ಲಿ ಕಡಿಮೆ. ತೋಟಕ್ಕೆ ಬರುವ ಮಕ್ಕಳು ಕೈಯನ್ನು ಬಾಯಿಗೆ ಹಾಕುತ್ತಾರೆ ಎಂಬ ಕಾರಣಕ್ಕೆ ನಡೆಯುವ ದಾರಿಗಳ ಮಣ್ಣೂ ಮುಚ್ಚಿರಬೇಕು.

ದಾರಿ

ಅರವತ್ತೈದು ದಾಟಿದವರಲ್ಲಿ ಪ್ರತಿವರ್ಷ ಶೇಕಡಾ 28ರಿಂದ 35ರಷ್ಟು ಜನ ಒಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಹೇಳಿದೆ. ಹಾಗಾಗಿ ತೋಟದ ಹಣದಲ್ಲಿ ದೊಡ್ಡ ಪಾಲು ದಾರಿಗೇ ಹೋದರೂ ಅದು ಪೋಲಾದಂತಲ್ಲ.

ಮುಖ್ಯ ದಾರಿ 150 ಸೆಂಟಿಮೀಟರ್ ಅಗಲವಿದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೂ ತೊಡಕಾಗುವುದಿಲ್ಲ, ಒಂದು ಗಾಲಿಕುರ್ಚಿ ಸುತ್ತು ತಿರುಗುವುದಕ್ಕೂ ಅಷ್ಟೇ ಬೇಕು. ಮಡಿಗಳ ನಡುವಿನ ಕಿರುದಾರಿ 90 ಸೆಂಟಿಮೀಟರಿಗಿಂತ ಕಡಿಮೆಯಾಗಲೇಬಾರದು. ಏರು 20 ಮೀಟರಿಗೆ ಒಂದು ಮೀಟರ್ ಮೀರದಿದ್ದರೆ ಕೈಕಂಬಿ ಇಲ್ಲದೆಯೂ ನಡೆಯಬಹುದು. ಅದಕ್ಕಿಂತ ಕಡಿದಾದರೆ ಅದು ರ‍್ಯಾಂಪ್ ಆಗುತ್ತದೆ, 12 ಮೀಟರಿಗೆ ಒಂದು ಮೀಟರ್ ಅದರ ಗರಿಷ್ಠ ಮಿತಿ, ಎರಡೂ ಬದಿಗೆ ಕಂಬಿ ಇರಬೇಕು. ಉದಾಹರಣೆಗೆ ರಸ್ತೆಗಿಂತ ತೋಟದ ನೆಲ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಆರಾಮವಾದ ದಾರಿಗೆ ಹತ್ತು ಮೀಟರ್ ಉದ್ದ ಬೇಕು, ರ‍್ಯಾಂಪಿಗೆ ಆರು ಮೀಟರ್. ಜಾಗವಿದ್ದರೆ ಹತ್ತನ್ನೇ ಆರಿಸಿಕೊಳ್ಳಿ. ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಳ್ಳುವವರಿಗೆ ಗೊಬ್ಬರದ ಚೀಲವೊಂದು ತೊಡೆಯ ಮೇಲಿರುವಾಗ ರ‍್ಯಾಂಪಿನ ಏರು ಬಲು ಕಷ್ಟ.

ದಾರಿಗೆ ಸಡಿಲ ಜಲ್ಲಿ, ಮರದ ಚೂರು, ಮರಳು ಇವು ಮೂರೂ ಬೇಡ, ವಾಕರಿನ ಕಾಲುಗಳೂ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಗಳೂ ಅವುಗಳಲ್ಲಿ ಹೂತುಹೋಗುತ್ತವೆ. ಕಲ್ಲುಪುಡಿ ಹಾಸಿ ನೀರು ಹಾಕಿ ದಿಮ್ಮಿಸಿದ ನೆಲ, ಒರಟು ಮೇಲ್ಮೈಯ ಕಾಂಕ್ರೀಟ್ ಅಥವಾ ಸಂದು ಬಿಡದೆ ಜೋಡಿಸಿದ ಇಟ್ಟಿಗೆ ಸರಿಹೋಗುತ್ತದೆ. ದಾರಿಯ ಬಣ್ಣ ಒಂದೇ ಸಮನಾಗಿರಲಿ, ಅಂಚು ಮಾತ್ರ ಎದ್ದುಕಾಣಲಿ. ಮರೆಗುಳಿತನ ಇರುವವರಿಗೆ ನೆಲದ ಮೇಲಿನ ಕಪ್ಪು ಪಟ್ಟಿಯೊಂದು ಗುಂಡಿಯಂತೆ ಕಾಣಿಸಿ ಅವರು ಅಲ್ಲಿಯೇ ನಿಂತುಬಿಡುವುದುಂಟು. ಅದೇ ಕಾರಣಕ್ಕೆ ದಾರಿ ಎಲ್ಲಿಯೂ ಕುರುಡಾಗಿ ಮುಗಿಯದೆ, ಸುತ್ತಿಬಂದು ಹೊರಟ ಜಾಗಕ್ಕೇ ಸೇರಬೇಕು.

ಏರುಮಡಿಗಳು

ಎಲ್ಲ ಮಡಿಗಳನ್ನೂ ಒಂದೇ ಅಳತೆಯಲ್ಲಿ ಕಟ್ಟಿಸುವುದು ಸುಲಭ, ಅಗ್ಗ, ನೋಡಲು ಅಂದ. ಆದರೆ ಅದೇ ಮೊದಲ ತಪ್ಪು. ಮಂಡಿಯೂರಿ ಕೂರಬಲ್ಲವರು, ನಿಂತೇ ಕೆಲಸ ಮಾಡಬೇಕಾದವರು, ಅಂಚಿನ ಮೇಲೆ ಕುಳಿತು ಕಳೆ ಕೀಳಬಯಸುವವರು, ಗಾಲಿಕುರ್ಚಿಯಲ್ಲಿರುವವರು, ಇವರೆಲ್ಲರಿಗೂ ಒಂದೇ ಎತ್ತರ ಒಗ್ಗುವುದಿಲ್ಲ.

ಅಗಲದ ಲೆಕ್ಕ ನೀವು ಸೀಮೆಸುಣ್ಣದಿಂದ ಎಳೆದ ಗೆರೆಯಿಂದಲೇ ಬರುತ್ತದೆ. ಕೈ 45 ಸೆಂಟಿಮೀಟರ್ ಚಾಚುವವರ ಮಡಿಗೆ ಎರಡೂ ಬದಿಯಿಂದ ಹೋಗಲು ಸಾಧ್ಯವಿದ್ದರೆ 90 ಸೆಂಟಿಮೀಟರ್ ಅಗಲ, 60 ಚಾಚುವವರಿಗೆ 120. ಗೋಡೆಗೆ ಒತ್ತಿ ಕಟ್ಟಿದ ಮಡಿಯಾದರೆ ಅದರ ಅರ್ಧ ಮಾತ್ರ. ಎತ್ತರದ ವಿಚಾರಕ್ಕೆ ಬಂದರೆ, ಅಂಚಿನ ಮೇಲೆ ಕೂರುವವರಿಗೆ 45 ಸೆಂಟಿಮೀಟರ್ ಎತ್ತರವೂ ಒಂದು ಗೇಣು ಅಗಲದ ನಯವಾದ ಅಂಚೂ ಇರಬೇಕು. ಗಾಲಿಕುರ್ಚಿಯಲ್ಲಿ ಕುಳಿತು ಪಕ್ಕದಿಂದ ಕೆಲಸ ಮಾಡುವವರಿಗೆ ಸುಮಾರು 60, ನಿಂತು ಕೆಲಸ ಮಾಡುವವರಿಗೆ ಅವರವರ ಎತ್ತರಕ್ಕೆ ತಕ್ಕಂತೆ 75ರಿಂದ 90. ನಿಲ್ಲುವವರ ಮಡಿಯ ಬುಡದಲ್ಲಿ ಪಾದದ ತುದಿ ಒಳಹೋಗುವಷ್ಟು ಗೂಡು ಬಿಡಿಸಿದರೆ ಅವರು ಮಡಿಗೆ ಹತ್ತಿರ ನಿಲ್ಲಬಹುದು, ಸೊಂಟ ಬಾಗುವುದಿಲ್ಲ. ಅಡುಗೆಮನೆಯ ಕಟ್ಟೆಯ ಬುಡದಲ್ಲಿ ಬಡಗಿಗಳು ಬಿಡುವ ಗೂಡನ್ನೇ ತೋರಿಸಿ ಹೇಳಿದರೆ ಕೆಲಸದವರಿಗೆ ತಕ್ಷಣ ಅರ್ಥವಾಗುತ್ತದೆ.

ಗಾಲಿಕುರ್ಚಿಯನ್ನು ಮಡಿಯ ಪಕ್ಕಕ್ಕೆ ನಿಲ್ಲಿಸಿ ಕೆಲಸ ಮಾಡುವಾಗ ಬೆನ್ನು ಒಂದೇ ಕಡೆಗೆ ತಿರುಚಿಕೊಂಡಿರುತ್ತದೆ, ಕಾಲು ಗಂಟೆಯಲ್ಲಿ ನೋವು ಶುರುವಾಗುತ್ತದೆ. ಹೆಚ್ಚು ಹೊತ್ತು ಕೆಲಸ ಮಾಡಬಯಸುವವರಿಗೆ ಮೇಜಿನಂಥ ಮಡಿ ಬೇಕು. ಅದರ ಕೆಳಗೆ ಸುಮಾರು 70 ಸೆಂಟಿಮೀಟರ್ ಎತ್ತರ, 50 ಸೆಂಟಿಮೀಟರ್ ಆಳ, 75 ಸೆಂಟಿಮೀಟರ್ ಅಗಲ ಖಾಲಿ ಇರಬೇಕು, ಆಗ ಮಂಡಿಗಳು ಒಳಗೆ ಹೋಗಿ ಮುಖ ನೇರವಾಗಿ ಗಿಡದ ಕಡೆಗಿರುತ್ತದೆ. ಇಂಥ ಮಡಿಯಲ್ಲಿ ಮಣ್ಣಿನ ಆಳ 15ರಿಂದ 20 ಸೆಂಟಿಮೀಟರ್ ಮಾತ್ರ ಸಿಗುವುದರಿಂದ ಸೊಪ್ಪು, ಪುದೀನ, ಕೊತ್ತಂಬರಿಯಂಥವು ಚೆನ್ನಾಗಿ ಬರುತ್ತವೆ. ಟೊಮೆಟೊ, ಬದನೆಗೆ 30ರಿಂದ 45 ಸೆಂಟಿಮೀಟರ್ ಬೇಕು. ಆಳ ಕಡಿಮೆಯಾದಷ್ಟೂ ಮಣ್ಣು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಕೊಡಬೇಕಾದೀತು ಎಂಬುದನ್ನು ಆ ಮಡಿ ಪಡೆಯುವವರಿಗೆ ಮೊದಲೇ ತಿಳಿಸಿ.

ತೂಕದ ಲೆಕ್ಕವನ್ನು ಯಾರೂ ಮರೆಯಬಾರದು. 2.4 ಮೀಟರ್ ಉದ್ದ, 1.2 ಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಒಂದು ಮಡಿಗೆ ಸುಮಾರು 1.7 ಘನ ಮೀಟರ್ ಮಣ್ಣು ಹಿಡಿಸುತ್ತದೆ. ನೀರು ಕುಡಿದ ಮೇಲೆ ಅದರ ತೂಕ ಎರಡು ಟನ್ನಿಗೂ ಮೀರುತ್ತದೆ. ತೆಳು ಹಲಗೆಗಳು ಒಂದೇ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಆದ್ದರಿಂದ ಉದ್ದದ ಬದಿಗಳನ್ನು ನಡುವೆ ಅಡ್ಡಸರಳಿನಿಂದ ಬಿಗಿಯಬೇಕು. ತಾರಸಿಯ ಮೇಲೆ ಕಟ್ಟುವುದಾದರೆ ಕಟ್ಟಡದ ಎಂಜಿನಿಯರ್ ಲಿಖಿತವಾಗಿ ಒಪ್ಪಿದ ಮೇಲೆಯೇ ಕೈಹಾಕಿ. ಹಳೆಯ ರೈಲ್ವೆ ಸ್ಲೀಪರುಗಳು ಗಟ್ಟಿಯೂ ಅಗ್ಗವೂ ಆಗಿ ಸಿಗುತ್ತವೆಂದು ಅನೇಕರು ತರುತ್ತಾರೆ. ಅವುಗಳಿಗೆ ಹೀರಿಸಿರುವ ಕ್ರಿಯೋಸೋಟ್ ಎಂಬ ಎಣ್ಣೆ ಚರ್ಮಕ್ಕೂ ಬೆಳೆಗೂ ಕೆಟ್ಟದ್ದು. ಹಳೆಯ ಹಸಿರು ಛಾಯೆಯ ಸಂಸ್ಕರಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಇಟ್ಟಿಗೆ, ಕಲ್ಲು, ಕಾಂಕ್ರೀಟ್ ಬ್ಲಾಕು ಅಥವಾ ಸಂಸ್ಕರಿಸದ ಗಟ್ಟಿಮರ ವಾಸಿ.

ಒಂದು ಬೇಡಿಕೆ: ಮೊದಲ ಹಂಗಾಮಿನಲ್ಲಿ ಐದಾರು ಮಡಿಗಳನ್ನಷ್ಟೇ, ಬೇರೆಬೇರೆ ಎತ್ತರದಲ್ಲಿ ಕಟ್ಟಿ. ಯಾರು ಯಾವುದರ ಹತ್ತಿರ ತಾವಾಗಿ ಹೋಗಿ ನಿಲ್ಲುತ್ತಾರೆಂದು ನೋಡಿ, ಉಳಿದವುಗಳನ್ನು ಆಮೇಲೆ ಕಟ್ಟಿ.

ನೀರು ಮತ್ತು ಸಲಕರಣೆ

ನಾನು ಸ್ವಯಂಸೇವಕನಾಗಿದ್ದ ತೋಟವೊಂದರಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದ ಹಿರಿಯರೊಬ್ಬರು ಎರಡನೆಯ ತಿಂಗಳಿನಿಂದ ಬರುವುದನ್ನೇ ನಿಲ್ಲಿಸಿದರು. ಭಾಷೆ ಬಲ್ಲವರೊಡನೆ ಮನೆಗೆ ಹೋಗಿ ಕೇಳಿದಾಗ ಅವರು ಮಾತಾಡದೆ ಬಲಗೈ ಮುಂದೆ ಹಿಡಿದು ಬೆರಳುಗಳನ್ನು ಮಡಚಲು ಪ್ರಯತ್ನಿಸಿ ತೋರಿಸಿದರು. ಸಂಧಿವಾತದಿಂದ ಊದಿದ ಗೆಣ್ಣುಗಳು ಅರ್ಧಕ್ಕೇ ನಿಂತವು. ತೋಟದ ನಲ್ಲಿಗೆ ಇದ್ದದ್ದು ದುಂಡನೆಯ ತಿರುಪು, ಒದ್ದೆಯಾದಾಗ ಜಾರುತ್ತಿತ್ತು. ಪ್ರತಿ ಸಲವೂ ಬೇರೊಬ್ಬರನ್ನು ಕರೆದು ನಲ್ಲಿ ತಿರುಗಿಸಿ ಎಂದು ಕೇಳಲು ಅವರಿಗೆ ಭಾಷೆಯೂ ಬರುತ್ತಿರಲಿಲ್ಲ, ಮನಸ್ಸೂ ಒಪ್ಪುತ್ತಿರಲಿಲ್ಲ. ನಲ್ಲಿಯನ್ನು ಬದಲಿಸುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಆದ್ದರಿಂದ ನಲ್ಲಿಗೆ ಮುಷ್ಟಿಯಿಂದಲೇ ತಳ್ಳಬಹುದಾದ ಉದ್ದ ಹಿಡಿ ಇರಲಿ, ಎತ್ತರ 60ರಿಂದ 90 ಸೆಂಟಿಮೀಟರ್ ಇರಲಿ, ಸುತ್ತಲಿನ ನೆಲ ಕೆಸರಾಗದಂತೆ ಗಟ್ಟಿಯಾಗಿರಲಿ. ಗೇಟಿನ ಚಿಲಕಕ್ಕೂ ಸಲಕರಣೆಯ ಪೆಟ್ಟಿಗೆಗೂ ಇದೇ ಪರೀಕ್ಷೆ: ಮುಷ್ಟಿ ಬಿಚ್ಚದೆ ತೆರೆಯಲು ಬರಬೇಕು. ಗಿಡಕ್ಕೆ ನೀರು ಚಿಮುಕಿಸುವ ಹತ್ತು ಲೀಟರಿನ ರೋಸ್ ಕ್ಯಾನು ತುಂಬಿದಾಗ ಹತ್ತು ಕಿಲೋ ಮೀರುತ್ತದೆ, ಎರಡು ಲೀಟರಿನವುಗಳನ್ನೇ ಹೆಚ್ಚು ತನ್ನಿ. ಸಾಧ್ಯವಾದರೆ ಹನಿ ನೀರಾವರಿಯ ಪೈಪು ಹಾಕಿ, ಆದರೆ ನೀರು ಹಾಕುವ ಸಂತೋಷವನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಬೇಡಿ, ಅನೇಕರು ಬರುವುದೇ ಅದಕ್ಕಾಗಿ. ಪೈಪುಗಳು ದಾರಿಗೆ ಅಡ್ಡವಾಗಿ ಬಿದ್ದಿರಬಾರದು. ಮಳೆನೀರಿನ ಪೀಪಾಯಿಗೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಬಿಗಿದಿರಲಿ, ಬೆಚ್ಚನೆಯ ವಾತಾವರಣದಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಕೈಗುದ್ದಲಿ, ಕತ್ತರಿಗಳ ಹಿಡಿಗೆ ಸೈಕಲ್ ಟ್ಯೂಬನ್ನೋ ಸ್ಪಂಜನ್ನೋ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಡಿಲವಿರುವವರಿಗೆ ಅನುಕೂಲ. ಗಾಢ ಬಣ್ಣ ಬಳಿದರೆ ಮಣ್ಣಿನಲ್ಲಿ ಬಿದ್ದದ್ದು ಬೇಗ ಕಣ್ಣಿಗೆ ಬೀಳುತ್ತದೆ. ವಲಸೆ ಬಂದವರಿಗೆ ತಮ್ಮ ಕಡೆಯ ಸಲಕರಣೆಗಳ ಆಕಾರ ಬೇರೆಯೇ ಇರಬಹುದು, ಅದನ್ನು ಚಿತ್ರ ಬರೆದು ತೋರಿಸಿದರೆ ಕಮ್ಮಾರರು ಮಾಡಿಕೊಡಬಲ್ಲರು. ಇನ್ನು ಕೂರುವ ಬೆಂಚುಗಳು: 45 ಸೆಂಟಿಮೀಟರ್ ಎತ್ತರ, ಬೆನ್ನಿಗೆ ಆಸರೆ, ಏಳುವಾಗ ಒತ್ತಿಕೊಳ್ಳಲು ಎರಡೂ ಕಡೆ ಕೈ. ಪ್ರತಿ 30 ಮೀಟರಿಗೆ ಒಂದರಂತೆ, ನೆರಳಿನಲ್ಲಿ, ಒಂದಕ್ಕೊಂದು ಓರೆಯಾಗಿ ಇಟ್ಟರೆ ಕುಳಿತವರು ಪರಸ್ಪರ ಮುಖ ನೋಡಿ ಮಾತನಾಡಬಹುದು.

ಭಾಷೆ ಮತ್ತು ನಿಯಮ

ಹೆಸರು ನೋಂದಾಯಿಸುವ ಕಾಗದದಲ್ಲಿ ಹೆಸರು, ಸಂಪರ್ಕಿಸುವ ಬಗೆ, ಗೊತ್ತಿರುವ ಭಾಷೆ, ಅವಸರಕ್ಕೆ ಯಾರನ್ನು ಕರೆಯಬೇಕು ಎಂಬುದಷ್ಟೇ ಇರಲಿ. ಪೌರತ್ವದ ದಾಖಲೆ, ವೀಸಾ, ಗುರುತಿನ ಚೀಟಿ ಇವುಗಳನ್ನು ಕೇಳಬೇಡಿ. ಅಂಥ ಒಂದೇ ಒಂದು ಖಾನೆ ಕಂಡರೂ ಎಷ್ಟೋ ಜನ ಕಾಗದವನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡು ಹೋದವರು ಮತ್ತೆ ಬರುವುದಿಲ್ಲ.

ನಿಯಮಗಳು ಒಂದು ಪುಟ ಮೀರಬಾರದು, ಪ್ರತಿ ನಿಯಮದ ಪಕ್ಕದಲ್ಲಿ ಅದರ ಕಾರಣವೂ ಇರಬೇಕು. ಅನುವಾದ ಮಾಡಿಸಿದ ಮೇಲೆ ಆ ಭಾಷೆಯ ಇನ್ನೊಬ್ಬರಿಂದ ಓದಿಸಿ ಅರ್ಥ ಹೇಳಿಸಿಕೊಳ್ಳಿ. ಅನೇಕ ಹಿರಿಯರಿಗೆ ತಮ್ಮ ಭಾಷೆಯನ್ನೂ ಓದಲು ಬಾರದಿರಬಹುದು, ಆದ್ದರಿಂದ ಅದನ್ನೇ ಧ್ವನಿಮುದ್ರಿಸಿ ಫೋನಿಗೆ ಕಳುಹಿಸುವುದು ಅಚ್ಚು ಹಾಕಿಸುವುದಕ್ಕಿಂತ ಹೆಚ್ಚು ಉಪಯುಕ್ತ. ಫಲಕಗಳಲ್ಲಿ ಚಿತ್ರ ದೊಡ್ಡದಾಗಿ, ಅಕ್ಷರ ಮಿರುಗದ ಹಿನ್ನೆಲೆಯ ಮೇಲೆ ಗಾಢವಾಗಿರಲಿ. ದಿನಾಂಕ ಬರೆಯುವಾಗ ತಿಂಗಳ ಹೆಸರನ್ನೇ ಬರೆಯಿರಿ. 3/4 ಎಂದು ಬರೆದರೆ ಕೆಲವು ದೇಶದವರು ಏಪ್ರಿಲ್ ಮೂರು ಎಂದೂ ಕೆಲವರು ಮಾರ್ಚ್ ನಾಲ್ಕು ಎಂದೂ ಓದುತ್ತಾರೆ, ಸಭೆಗೆ ಅರ್ಧದಷ್ಟು ಜನ ತಿಂಗಳು ಮೊದಲೇ ಬಂದು ನಿಂತಿರುತ್ತಾರೆ. ಪ್ರತಿ ಮಡಿಯ ಹೆಸರಿನ ಹಲಗೆಯನ್ನು ಮಡಿಯ ಒಡೆಯರೇ ತಮ್ಮ ಲಿಪಿಯಲ್ಲಿ ಬರೆಯಲಿ, ಅದರ ಕೆಳಗೆ ಇತರರಿಗೆ ಓದಲು ಬರುವ ಲಿಪಿಯಲ್ಲಿ ಉಚ್ಚಾರಣೆ ಇದ್ದರೆ ನೆರೆಯವರು ಹೆಸರು ಹಿಡಿದು ಮಾತನಾಡಿಸಬಹುದು.

ಸಭೆಗಳನ್ನು ತೋಟದಲ್ಲೇ ನಡೆಸಿ. ಎರಡು ವಾಕ್ಯ ಹೇಳಿ ನಿಲ್ಲಿಸಿ, ದುಭಾಷಿ ಮುಗಿಸುವವರೆಗೆ ಕಾದು ಮುಂದುವರಿಸಬೇಕಾದ್ದರಿಂದ ಸಭೆಗೆ ಎರಡರಷ್ಟು ಹೊತ್ತು ಹಿಡಿಯುತ್ತದೆ, ಚರ್ಚೆಯ ವಿಷಯಗಳನ್ನು ಅರ್ಧಕ್ಕಿಳಿಸಿಕೊಳ್ಳಿ. ನಡೆಸುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಮಡಿ ಹಿಡಿದ ಹಿರಿಯರೇ ಇರಬೇಕು. ಇವರಲ್ಲಿ ಎಷ್ಟೋ ಜನ ಜೀವನಪೂರ್ತಿ ಬೇಸಾಯ ಮಾಡಿದವರು, ಹೊಸ ದೇಶದಲ್ಲಿ ಆ ಅನುಭವಕ್ಕೆ ಕವಡೆ ಕಿಮ್ಮತ್ತೂ ಸಿಗದೆ ಮನೆಯೊಳಗೆ ಕುಳಿತವರು. ಅವರಿಗೆ ಕಸಿ ಕಟ್ಟುವುದನ್ನೋ ಬೀಜ ಉಳಿಸುವುದನ್ನೋ ಇತರರಿಗೆ ಕಲಿಸುವ ಕೆಲಸ ಒಪ್ಪಿಸಿ. ಕೈಯಿಂದ ಮಾಡಿ ತೋರಿಸುವ ಪಾಠಕ್ಕೆ ಭಾಷೆಯ ಆಸರೆ ಹೆಚ್ಚು ಬೇಕಾಗುವುದಿಲ್ಲ.

ಬೆಳೆ

ಒಬ್ಬರ ಕಳೆ ಇನ್ನೊಬ್ಬರ ಸೊಪ್ಪು ಎಂಬುದು ಇಂಥ ತೋಟಗಳಲ್ಲಿ ಮೊದಲು ಕಲಿಯಬೇಕಾದ ಪಾಠ. ದಂಟಿನ ಜಾತಿಯ ಗಿಡಗಳನ್ನೂ ಗೋಣಿಸೊಪ್ಪನ್ನೂ ಕೆಲವು ದೇಶಗಳಲ್ಲಿ ಕಳೆಯೆಂದು ಕಿತ್ತೆಸೆಯುತ್ತಾರೆ, ಬೇರೆ ಎಷ್ಟೋ ದೇಶಗಳಲ್ಲಿ ಅವನ್ನು ಜೋಪಾನವಾಗಿ ಬೆಳೆಸಿ ಉಣ್ಣುತ್ತಾರೆ. ಸ್ವಚ್ಛತೆಯ ದಿನ ಬಂದ ಉತ್ಸಾಹಿ ಸ್ವಯಂಸೇವಕರು ಹಿರಿಯರೊಬ್ಬರ ಇಡೀ ಮಡಿಯನ್ನು ಬೋಳಿಸಿಹಾಕಿದ ಮೇಲೆ ಎಷ್ಟು ಕ್ಷಮೆ ಕೇಳಿದರೂ ಸಾಲದು. ಆದ್ದರಿಂದ ಮಡಿಯ ಒಡೆಯರು ಎದುರಿಗಿಲ್ಲದಾಗ ಅವರ ಮಡಿಯಿಂದ ಒಂದು ಎಲೆಯನ್ನೂ ಯಾರೂ ಕೀಳಬಾರದು ಎಂಬ ನಿಯಮ ಮೊದಲ ದಿನದಿಂದಲೇ ಇರಲಿ.

ಬಿಸಿಲ ನಾಡಿನಿಂದ ತಣ್ಣನೆಯ ನಾಡಿಗೆ ಬಂದವರು ಎದುರಿಸುವ ಇನ್ನೊಂದು ತೊಡಕಿದೆ. ಅವರೆ, ತೊಗರಿಯ ಹಳೆಯ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ. ಭೂಮಧ್ಯರೇಖೆಯಿಂದ ಬಹುದೂರದ ಪ್ರದೇಶಗಳಲ್ಲಿ ಬೇಸಿಗೆಯ ಹಗಲು ಬಹಳ ಉದ್ದ, ಬಳ್ಳಿ ಹಚ್ಚಗೆ ಹಬ್ಬುತ್ತದೆ, ಹೂ ಮಾತ್ರ ಬರುವುದಿಲ್ಲ, ಹಗಲು ಕುಗ್ಗಿ ಹೂ ಬರುವ ಹೊತ್ತಿಗೆ ಹಿಮ ಬಿದ್ದು ಸುಟ್ಟುಹೋಗುತ್ತದೆ. ಗಿಡ ಬೆಳೆಸಿದವರು ತಮ್ಮದೇ ತಪ್ಪೆಂದು ಕೊರಗುತ್ತಾರೆ. ಹಗಲಿನ ಉದ್ದವನ್ನು ಲೆಕ್ಕಿಸದ ತಳಿಗಳನ್ನು ಹುಡುಕಿಕೊಡುವುದು ತೋಟ ನಡೆಸುವವರ ಕೆಲಸ. ಬೀಜವನ್ನು ಹಳೆಯ ದೇಶದಿಂದ ಚೀಲದಲ್ಲಿಟ್ಟುಕೊಂಡು ಬರುವುದಕ್ಕೆ ಬಹಳಷ್ಟು ದೇಶಗಳಲ್ಲಿ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕೆಲವು ಗಿಡಗಳನ್ನು ಬೆಳೆಯುವುದಕ್ಕೇ ನಿಷೇಧವಿರುತ್ತದೆ. ಏಷ್ಯಾದಲ್ಲಿ ಪ್ರಿಯವಾದ, ನೀರಿನಲ್ಲಿ ಹಬ್ಬುವ ಕಲ್ಮಿ ಸೊಪ್ಪು ಅಮೆರಿಕದ ಕೇಂದ್ರ ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ಇದನ್ನು ಗದರಿಸುವ ದನಿಯಲ್ಲಿ ಹೇಳದೆ, ಬೀಜ ಕೊಡುವ ದಿನವೇ ಪರ್ಯಾಯದ ಸಮೇತ ತಿಳಿಸಿ.

ಚಪ್ಪರ, ತಡಿಕೆಗಳ ಎತ್ತರ ಒಂದೂವರೆ ಮೀಟರ್ ಮೀರದಿದ್ದರೆ ಕಾಯಿ ಕೀಳಲು ಯಾರೂ ಸ್ಟೂಲು ಹತ್ತಬೇಕಾಗುವುದಿಲ್ಲ. ಮುಳ್ಳಿನ ಗಿಡಗಳನ್ನು ದಾರಿಯಿಂದ ದೂರ ಇಡಿ. ಕಣ್ಣು ಮಂಜಾದವರಿಗೆ ಪರಿಮಳದ ಗಿಡಗಳನ್ನು ದಾರಿಯ ತಿರುವುಗಳಲ್ಲಿ ನೆಟ್ಟರೆ ತಾವೆಲ್ಲಿದ್ದೇವೆಂದು ತಿಳಿಯುತ್ತದೆ. ಕಣಗಿಲೆ, ಉಮ್ಮತ್ತಿ, ಹರಳುಗಿಡಗಳು ಮಕ್ಕಳೂ ಮರೆವಿನ ಹಿರಿಯರೂ ಓಡಾಡುವ ಜಾಗದಲ್ಲಿ ಬೇಡವೇ ಬೇಡ.

ಆರೋಗ್ಯದ ಎಚ್ಚರ

ಚೀಲದಲ್ಲಿ ಬರುವ ಗೊಬ್ಬರ ಮತ್ತು ಕುಂಡದ ಮಿಶ್ರಣಗಳಲ್ಲಿ ಲೀಜಿಯೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಇರಬಹುದು, ಅದರ ಧೂಳು ಉಸಿರಿನಲ್ಲಿ ಹೋದರೆ ಹಿರಿಯರಿಗೆ ತೀವ್ರ ನ್ಯುಮೋನಿಯಾ ಬರುವ ಅಪಾಯವಿದೆ. ಚೀಲವನ್ನು ಬಯಲಿನಲ್ಲಿ, ಮುಖದಿಂದ ದೂರ ಹಿಡಿದು ತೆರೆಯಬೇಕು, ಸ್ವಲ್ಪ ನೀರು ಚಿಮುಕಿಸಿ ಧೂಳಡಗಿಸಬೇಕು, ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಬೇಕು, ಆಮೇಲೆ ಕೈ ತೊಳೆಯಬೇಕು. ಧನುರ್ವಾಯುವಿನ ಲಸಿಕೆ ಎಲ್ಲರಿಗೂ ಆಗಿರುವುದು ಒಳ್ಳೆಯದು. ಬರಿಗಾಲಲ್ಲಿ ಮಣ್ಣು ತುಳಿದು ಬೆಳೆದವರಿಗೆ ಶೂ ಹಾಕಿ ಎಂದರೆ ಇಷ್ಟವಾಗುವುದಿಲ್ಲ, ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಹುಣ್ಣಾಗುತ್ತದೆ. ಇದನ್ನು ವಿವರಿಸಿದರೆ ಒಪ್ಪುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಹೊರಹಾಕುತ್ತವೆ. ಅದಕ್ಕಾಗಿ ಕುಡಿಯುವ ನೀರು ಕೈಗೆ ಸಿಗುವಲ್ಲಿರಲಿ, ಬೇಸಿಗೆಯ ನಡುಹಗಲಿನಲ್ಲಿ ತೋಟ ಮುಚ್ಚಿರಲಿ. ಕೀಟನಾಶಕಗಳ ವಿಷಯದಲ್ಲಿ ನನ್ನ ನಿಲುವು ಕಟುವಾದದ್ದು: ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಎಲ್ಲರೂ ಓದಲಾಗದ ತೋಟದಲ್ಲಿ ಅವು ಇರಲೇಬಾರದು.

ವರ್ಷದಿಂದ ವರ್ಷಕ್ಕೆ

ಪ್ರತಿ ಮಡಿಗೂ ಒಬ್ಬ ಜೊತೆಗಾರರನ್ನು ಮೊದಲೇ ಗೊತ್ತುಮಾಡಿ, ಸಾಧ್ಯವಾದರೆ ಬೇರೆ ಭಾಷೆಯವರನ್ನು. ಒಬ್ಬರು ಹುಷಾರಿಲ್ಲದೆ ಮಲಗಿದಾಗ ಇನ್ನೊಬ್ಬರು ನೀರು ಹಾಕುತ್ತಾರೆ, ಎರಡು ದಿನ ಕಾಣದಿದ್ದರೆ ವಿಚಾರಿಸುತ್ತಾರೆ. ಹಂಗಾಮು ಮುಗಿದ ಮೇಲೆ ಕುರ್ಚಿ, ಮೇಜು, ಸೀಮೆಸುಣ್ಣವನ್ನು ಮತ್ತೆ ಹೊರತೆಗೆದು ಎಲ್ಲರ ಕೈಯಳತೆಯನ್ನು ಹೊಸದಾಗಿ ತೆಗೆದುಕೊಳ್ಳಿ. ಹೋದ ವರ್ಷ 60 ಇದ್ದದ್ದು ಈ ವರ್ಷ 50ಕ್ಕೆ ಇಳಿದಿದ್ದರೆ ಅವರಿಗೆ ಕಿರಿದಾದ ಮಡಿ ಬೇಕು, ಆದರೆ ನೆರೆಯ ಗೆಳೆಯರಿಂದ ದೂರವಾಗದಂತೆ ಅದೇ ಸಾಲಿನಲ್ಲಿ ಬೇಕು. ಆಸ್ಪತ್ರೆ ಸೇರಿದವರ ಮಡಿಯನ್ನು ಕಾಯುವ ಪಟ್ಟಿಯಲ್ಲಿರುವವರಿಗೆ ಕೊಡುವ ಅವಸರ ಬೇಡ. ಇಡೀ ಒಂದು ಹಂಗಾಮು ಅದನ್ನು ಅವರ ಹೆಸರಿನಲ್ಲೇ ಉಳಿಸಿ, ಜೊತೆಗಾರರಿಂದ ಅವರ ಇಷ್ಟದ ಸೊಪ್ಪನ್ನೇ ಬಿತ್ತಿಸಿ, ಚಿಗುರಿದ ಮೊದಲ ಕಟ್ಟನ್ನು ಅವರಿಗೆ ತಲುಪಿಸಿ.